ಹಾಯಿಯಲ್ಲಿ ಹಿಡಿದ ಮಳೆ

ದೋಣಿಯ ಟ್ಯಾಂಕಿನಲ್ಲಿ 80 ಲೀಟರ್, ಮೂಲೆಯಲ್ಲಿ ಹಗ್ಗ ಬಿಗಿದು ನಿಲ್ಲಿಸಿದ್ದ ಕ್ಯಾನಿನಲ್ಲಿ 20 ಲೀಟರ್. ಮೂರು ಜನ, ನಾಲ್ಕು ದಿನ. ಪಣಜಿಯಲ್ಲಿ ಹಾಯಿದೋಣಿಗೆ ಕಾಲಿಟ್ಟ ಕೂಡಲೇ ಭಾವ ನನಗೆ ಒಪ್ಪಿಸಿದ ಲೆಕ್ಕ ಇದು. "ತಲೆಗೆ ದಿನಕ್ಕೆ ನಾಲ್ಕು ಲೀಟರ್ ಕಣಮ್ಮ. ಕುಡಿಯೋದು, ಅಡುಗೆ, ಬಾಯಿ ಮುಕ್ಕಳಿಸೋದು ಎಲ್ಲ ಅಷ್ಟರಲ್ಲೇ. ಪಾತ್ರೆ, ಬಟ್ಟೆ, ಸ್ನಾನ ಸಮುದ್ರದ ನೀರಲ್ಲಿ. ಅರ್ಧಕ್ಕರ್ಧ ನೀರು ಮುಟ್ಟೋ ಹಾಗಿಲ್ಲ. ಗಾಳಿ ಬಿದ್ದುಹೋದರೆ ನಾಲ್ಕು ದಿನ ಎಂಟು ದಿನ ಆಗುತ್ತೆ," ಎಂದರು. ನೌಕಾಪಡೆಯಿಂದ ನಿವೃತ್ತರಾದ ಮೇಲೆ ಅವರು ಸ್ನೇಹಿತರೊಬ್ಬರ ಜೊತೆ ಪಾಲು ಹಾಕಿ ಕೊಂಡಿದ್ದ 31 ಅಡಿಯ ಹಳೆಯ ದೋಣಿ ಅದು. ಅದನ್ನು ಗೋವಾದಿಂದ ಮಲ್ಪೆಗೆ ತರುವುದಿತ್ತು. ದಸರಾ ರಜೆ, ನೀನೂ ಬಾ ಎಂದು ಕರೆದಿದ್ದರು.

ನೀರಿನ ಲೆಕ್ಕ ನನಗೆ ಹೊಸದಲ್ಲ. ಅದು 2024. ಆ ವರ್ಷದ ಬೇಸಿಗೆಯನ್ನು ಬೆಂಗಳೂರಿನ ಬ್ಯಾಡರಹಳ್ಳಿಯಲ್ಲಿ ಕಳೆದವರಿಗೆ ಬೇರೆ ಹೇಳಬೇಕಿಲ್ಲ. ಮಾಗಡಿ ರಸ್ತೆಯ ಈ ಬದಿಯಲ್ಲಿ ಸುಂಕದಕಟ್ಟೆ, ಹೇರೋಹಳ್ಳಿ, ಆಂಧ್ರಹಳ್ಳಿ ಎಲ್ಲ ಕಡೆಯೂ ಬೋರ್‌ವೆಲ್ಲುಗಳು ಒಂದೊಂದಾಗಿ ಬತ್ತಿದವು. ನಮ್ಮದು ಶಿವರಾತ್ರಿಯ ಹೊತ್ತಿಗೆ ಗಾಳಿ ಉಗುಳತೊಡಗಿ, ಯುಗಾದಿಗೆ ಅದೂ ನಿಂತಿತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಎಂದು ಸರ್ಕಾರ ಮಾರ್ಚ್‌ನಲ್ಲಿ ದರ ಕಟ್ಟಿತು. ನಮ್ಮ ಬೀದಿಯಲ್ಲಿ ಆ ದರಕ್ಕೆ ಯಾರೂ ನೀರು ತರಲಿಲ್ಲ. ರಾತ್ರಿ ಹನ್ನೊಂದಕ್ಕೆ ಟ್ಯಾಂಕರ್ ಬಂದರೆ ಎದ್ದು ಹೋಗಿ ಸಂಪಿನ ಮುಚ್ಚಳ ತೆಗೆಯುವುದು, ಟಾರ್ಚ್ ಹಾಕಿ ಒಳಗೆ ನೋಡುವುದು, ಬಕೆಟ್ ಎಣಿಸುವುದು ರೂಢಿಯಾಗಿತ್ತು. ಆದರೆ ಅದು ಕೊಂಡ ನೀರಿನ ಲೆಕ್ಕ. ಮುಗಿದರೆ ಫೋನ್ ಮಾಡಿದರಾಯಿತು. ಸಮುದ್ರದ ನಡುವೆ ಫೋನ್ ಮಾಡಿ ಕರೆಸುವ ನೀರು ಇರುವುದಿಲ್ಲ.

ಅಕ್ಟೋಬರ್ 5ರ ಶನಿವಾರ, ಬೆಳಕು ಹರಿಯುವ ಮೊದಲೇ ಲಂಗರು ಎತ್ತಿದೆವು. ಗೋವಾದವರು ಮಾಂಡವಿ ಎನ್ನುವ ಈ ಹೊಳೆ ನಮ್ಮ ಮಹದಾಯಿ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ ಪಣಜಿಯ ಪಕ್ಕದಲ್ಲಿ ಕಡಲಿಗೆ ಬೀಳುತ್ತದೆ. ಕಳಸಾ ಬಂಡೂರಿ ಯೋಜನೆಯ ಹೆಸರಿನಲ್ಲಿ ನರಗುಂದ, ನವಲಗುಂದದ ರೈತರು ಇದರ ನೀರಿಗಾಗಿ ಎಷ್ಟು ವರ್ಷ ಕೂತು ಕಾದರು! 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆಂದು ಬರೆದದ್ದು 13.42 ಟಿಎಂಸಿ. ತರಗತಿಯಲ್ಲಿ ನಾನು ಆ ಅಂಕಿಯನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದ ಬರೆಸಿಕೊಂಡಿದ್ದೇನೆ. ಈಗ ಅದೇ ಹೊಳೆಯ ಬಾಯಲ್ಲಿ, ಕತ್ತಲಲ್ಲಿ, ಸಿಹಿನೀರು ಉಪ್ಪಾಗುವ ಜಾಗವನ್ನು ದಾಟುತ್ತಿದ್ದೆ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪೇ ಇತ್ತು. ಭರತದ ನೀರು ಹೊಳೆಯೊಳಗೆ ಬಹಳ ದೂರ ನುಗ್ಗುತ್ತದೆ.

ಎಡಗಡೆ ಪಣಜಿ, ಬಲಗಡೆ ವೆರೆಂ ದಡದಲ್ಲಿ ನೌಕಾನೆಲೆ ಐಎನ್‌ಎಸ್ ಮಾಂಡವಿ. ಮೂರೇ ದಿನದ ಹಿಂದೆ, ಗಾಂಧಿ ಜಯಂತಿಯಂದು, ಅಲ್ಲಿಂದ ತಾರಿಣಿ ಹೊರಟಿತ್ತು. 56 ಅಡಿಯ ಹಾಯಿದೋಣಿ, ಅದರಲ್ಲಿ ಇಬ್ಬರೇ ಹೆಣ್ಣುಮಕ್ಕಳು: ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ, ಲೆಫ್ಟಿನೆಂಟ್ ಕಮಾಂಡರ್ ರೂಪಾ. ಇಡೀ ಭೂಮಿಯನ್ನು ಸುತ್ತಿಬರಲು ಹೊರಟವರು. ನಾವು ಹಾಯಿ ಬಿಚ್ಚುವ ಹೊತ್ತಿಗೆ ಅವರು ಅರಬ್ಬೀ ಸಮುದ್ರದಲ್ಲಿ ತೆಂಕಣಕ್ಕೆ ತಿರುಗಿದ್ದರು. ಅದೇ ಹೊಳೆಯ ದಿವಾರ್ ನಡುಗಡ್ಡೆಯ ಕಟ್ಟೆಯಲ್ಲಿ ಕಟ್ಟಿದ ಇನ್ನೊಂದು ದೋಣಿಗೆ ಹೊಳೆಯದೇ ಹೆಸರು, ಮ್ಹಾದೇಯಿ. ಅದರಲ್ಲಿ ದಿಲೀಪ್ ದೋಂದೆ 2009-10ರಲ್ಲಿ, ಅಭಿಲಾಷ್ ಟಾಮಿ 2012-13ರಲ್ಲಿ ಒಬ್ಬೊಬ್ಬರೇ ಭೂಮಿ ಸುತ್ತಿದರು. ಟಾಮಿಯವರು ನಡುವೆ ಎಲ್ಲೂ ದಡ ಮುಟ್ಟಲಿಲ್ಲ. ಜಗಳದ ಹೊಳೆ ಎಂದೇ ನಮ್ಮ ಪತ್ರಿಕೆಗಳಲ್ಲಿ ಹೆಸರಾದ ಮಹದಾಯಿ ಹಾಗೆ ಏಳು ಕಡಲಿಗೂ ತನ್ನ ಹೆಸರು ಒಯ್ದಿದೆ. ಆ ಬೆಳಗ್ಗೆ ನನಗೆ ಆ ಮಾತು ಬಹಳ ಹಿತವಾಗಿತ್ತು.

ಮೂರನೆಯವರು ಅಂಕೋಲೆಯ ಕಡೆಯ ಒಬ್ಬ ತಾಂಡೇಲರು. ಅರವತ್ತೈದು ದಾಟಿದ್ದ ಅವರು ಹುಡುಗನಾಗಿದ್ದಾಗಲೇ ದೋಣಿ ಹತ್ತಿದವರು. ನಾನು ಶಾಲೆಯಲ್ಲಿ ಪಾಠ ಹೇಳುವವಳು ಎಂದು ಗೊತ್ತಾದ ಗಳಿಗೆಯಿಂದ ನನ್ನನ್ನು "ಅಕ್ಕೋರೆ" ಎಂದೇ ಕರೆದರು. ಉತ್ತರ ಕನ್ನಡದಲ್ಲಿ ಶಿಕ್ಷಕಿಯರಿಗೆ ಸಲ್ಲುವ ಆ ಮಾತು ಅವರ ಬಾಯಲ್ಲಿ ಮನೆಯ ಹಿರಿಮಗಳನ್ನು ಕರೆದ ಹಾಗೆ ಕೇಳುತ್ತಿತ್ತು.

ಮೊದಲ ದಿನ ದೋಣಿಯ ಸಂಸಾರ ಕಲಿತೆ. ತಟ್ಟೆ ಲೋಟ ಸಮುದ್ರದ ನೀರಲ್ಲಿ ಉಜ್ಜಿ, ಕೊನೆಗೆ ಒಂದು ಬೊಗಸೆ ಸಿಹಿನೀರಲ್ಲಿ ಒರೆಸಿಡಬೇಕು. ಅನ್ನಕ್ಕೆ ಇಡುವ ನೀರಿನಲ್ಲಿ ಮೂರರಲ್ಲೊಂದು ಪಾಲು ಸಮುದ್ರದ್ದು, ಬೇರೆ ಉಪ್ಪು ಹಾಕುವುದಿಲ್ಲ. ಅಡುಗೆಗೂಡಿನಲ್ಲಿ ನಲ್ಲಿ ಇರಲಿಲ್ಲ, ಕಾಲಲ್ಲಿ ತುಳಿಯುವ ಪುಟ್ಟ ಪಂಪು ಇತ್ತು. ಒಮ್ಮೆ ತುಳಿದರೆ ಒಂದು ಗುಟುಕು. ಮನೆಯಲ್ಲಿ ನಲ್ಲಿ ತಿರುಗಿಸಿ ಬಿಟ್ಟು ಹಲ್ಲುಜ್ಜುವಷ್ಟರಲ್ಲಿ ಐದಾರು ಲೀಟರ್ ಹರಿದುಹೋಗುತ್ತದೆ. ಇಲ್ಲಿ ಪ್ರತಿ ಗುಟುಕಿಗೂ ಕಾಲು ಒಮ್ಮೆ ಕೇಳುತ್ತದೆ, ಬೇಕಾ ಎಂದು. ಸಂಜೆಯ ಹೊತ್ತಿಗೆ ನಾನು ಮೂರು ಲೀಟರ್ ಕೂಡ ಬಳಸಿರಲಿಲ್ಲ. ಕಷ್ಟವೆಂದೂ ಅನ್ನಿಸಿರಲಿಲ್ಲ.

ಕಾರವಾರದ ಹೊರಗೆ ಸೂರ್ಯ ಮುಳುಗುವಾಗ ಅಂಜದೀವ್ ದ್ವೀಪ ಕಂಡಿತು. ಈಗ ಅದು ನೌಕಾನೆಲೆಯ ಭಾಗ. ಹತ್ತಿರ ಹೋಗುವಂತಿಲ್ಲ, ದೂರದಿಂದಲೇ ನೋಡಿದೆವು. ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ಮರಳುವಾಗ, 1498ರ ಸೆಪ್ಟೆಂಬರಿನಲ್ಲಿ, ಈ ದ್ವೀಪಕ್ಕೆ ಬಂದು ಹಡಗುಗಳ ತಳ ಕೆರೆಸಿ, ಪೀಪಾಯಿಗಳಿಗೆ ನೀರು ತುಂಬಿಸಿಕೊಂಡ. ಮಳೆಗಾಲ ಆಗಷ್ಟೇ ಮುಗಿದಿತ್ತು, ದ್ವೀಪದ ಕೊಳ ತುಂಬಿತ್ತು. ಸಂಬಾರ, ಬಂಗಾರ ಎಂದು ನಾವು ಆ ಚರಿತ್ರೆಯನ್ನು ಓದುತ್ತೇವೆ. ಹಡಗಿನಲ್ಲಿದ್ದವನಿಗೆ ಕರಾವಳಿ ಎಂದರೆ ಮೊದಲು ನೀರು ಸಿಗುವ ಜಾಗಗಳ ಪಟ್ಟಿ.

ಆ ರಾತ್ರಿ ಕಾರವಾರದ ಬೈತಖೋಲದ ಬಳಿ ಲಂಗರು ಹಾಕಿ ಮಲಗಿದೆವು. ತಾಂಡೇಲರು ತಮ್ಮ ಅಪ್ಪನ ಕಾಲದ ಪತ್ತೆಮಾರಿಗಳ ಸುದ್ದಿ ಹೇಳಿದರು. ಮಂಗಳೂರಿನಲ್ಲಿ ಹೆಂಚು ಹೇರಿಕೊಂಡು ಮುಂಬೈಗೆ, ಇನ್ನೂ ಮೇಲಕ್ಕೆ, ಬರಿಯ ಗಾಳಿಯ ಬಲದಲ್ಲಿ ಹೋಗುತ್ತಿದ್ದ ಹಾಯಿಹಡಗುಗಳು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚು ಪಡುವಣ ಕರಾವಳಿಯ ಮನೆಗಳ ಮಾಡಿಗೆಲ್ಲ ಏರಿದ್ದು ಈ ಹಡಗುಗಳ ಬೆನ್ನ ಮೇಲೆ. ಮಳೆ ತಡೆಯುವ ಹೆಂಚು ಹೊತ್ತ ಹಡಗಿಗೆ ಮಳೆಯ ಸಂಗ ಮಾತ್ರ ಕಡಿಮೆ. ಅವು ಓಡುತ್ತಿದ್ದುದು ಮಳೆಗಾಲ ಕಳೆದ ಮೇಲೆ. ಜೂನ್ ಬರುವಷ್ಟರಲ್ಲಿ ದಡಕ್ಕೆಳೆದು ತೆಂಗಿನ ಗರಿ ಹೊದಿಸಿ ಮಲಗಿಸುತ್ತಿದ್ದರು. "ಹಂಗಾಗಿ ನೀರು ಬಂದರಿನಲ್ಲೇ ತುಂಬ್ಕೊಳ್ಳೋದು. ಕಡೇ ಖೇಪಿನಲ್ಲಿ, ಮೇ ತಿಂಗಳಲ್ಲಿ, ಗುಡುಗು ಮಳೆ ಬಂದ್ರೆ ಅಪ್ಪ ಹಾಯಿ ಬಗ್ಗಿಸಿ ನೀರು ಹಿಡೀತಿದ್ದ. ಆ ನೀರಿನ ರುಚಿ ಸಾಯೋವರೆಗೂ ಹೇಳ್ತಿದ್ದ," ಎಂದರು ತಾಂಡೇಲರು.

ಎರಡನೆಯ ದಿನ ಬೆಳಗ್ಗೆ ಗಾಳಿ ಚೆನ್ನಾಗಿತ್ತು. ಗೋಕರ್ಣದ ಗುಡ್ಡಗಳು, ಕುಮಟೆ, ದೂರದಲ್ಲಿ ನೀಲಿ ಘಟ್ಟದ ಸಾಲು. ಮಧ್ಯಾಹ್ನ ಚಹಾ ಮಾಡಿ ಭಾವನಿಗೆ ಕೊಟ್ಟೆ. ಒಂದು ಗುಟುಕು ಕುಡಿದವರು ಲೋಟ ಕೆಳಗಿಟ್ಟರು. ನಾನೂ ಕುಡಿದು ನೋಡಿದೆ. ಸಕ್ಕರೆಯ ಹಿಂದಿನಿಂದ ಉಪ್ಪು ಬಂತು.

ಟ್ಯಾಂಕಿಗೆ ನೀರು ತುಂಬುವ ಬಾಯಿ ದೋಣಿಯ ಅಟ್ಟದ ಮೇಲಿತ್ತು. ಅದರ ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟಿತ್ತು. ಬೆಳಗ್ಗೆಯಿಂದ ದೋಣಿ ಒಂದೇ ಮಗ್ಗುಲಿಗೆ ವಾಲಿ ಓಡಿದ್ದರಿಂದ ಅಲೆಯ ನೀರು ಅಲ್ಲೇ ನಿಂತು, ಹನಿಹನಿಯಾಗಿ ಒಳಗಿಳಿದಿತ್ತು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅಷ್ಟು ಉಪ್ಪನ್ನು ಹೊರಗೆ ಹಾಕಲು ನಮ್ಮ ಮೂತ್ರಪಿಂಡಕ್ಕೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು. ಅದಕ್ಕೇ ಸಮುದ್ರದ ನೀರು ಕುಡಿದವನಿಗೆ ದಾಹ ಏರುತ್ತಲೇ ಹೋಗುತ್ತದೆ. ನಮ್ಮ ಟ್ಯಾಂಕಿಗೆ ಸೇರಿದ್ದು ಎರಡು ಮೂರು ಲೀಟರ್ ಇರಬಹುದು. ಇದ್ದ ಅರವತ್ತು ಚಿಲ್ಲರೆ ಲೀಟರ್ ಅಷ್ಟಕ್ಕೇ ಕುಡಿಯಲಾಗದಂತಾಯಿತು. ಉಳಿದದ್ದು ಕ್ಯಾನಿನ 20 ಲೀಟರ್.

ಜೀವಕ್ಕೆ ಅಪಾಯ ಬಂದಿತ್ತು ಎಂದು ಬರೆದರೆ ತಪ್ಪಾಗುತ್ತದೆ. ಲೆಕ್ಕದ ಪ್ರಕಾರ ಹನ್ನೆರಡು ಲೀಟರ್ ದಿನಕ್ಕೆ, ಇನ್ನೊಂದು ಒಂದೂವರೆ ದಿನ ನಡೆಯುತ್ತಿತ್ತು. ಹೊನ್ನಾವರ ಕಣ್ಣೆದುರೇ ಇತ್ತು. ಆದರೆ ಶರಾವತಿಯ ಅಳಿವೆಯ ಮರಳದಿಬ್ಬ ಗೊತ್ತಿದ್ದವರನ್ನೂ ಹೆದರಿಸುತ್ತದೆ. ಇಳಿತದ ಹೊತ್ತಿನಲ್ಲಿ, ಆಳ ತಳದ ಹಾಯಿದೋಣಿಯಲ್ಲಿ ಅಲ್ಲಿ ನುಗ್ಗುವುದು ಬೇಡ ಎಂದು ತಾಂಡೇಲರು ಕೈಯಾಡಿಸಿದರು. ಭಟ್ಕಳಕ್ಕೆ ಹೋಗಿ ತುಂಬಿಸಿಕೊಳ್ಳೋಣ ಎಂದರು ಭಾವ. ಕ್ಯಾನಿನ ಮುಚ್ಚಳಕ್ಕೆ ಎಲ್ಲರ ಕಣ್ಣೂ ಅಂಟಿಕೊಂಡಿತ್ತು. ಸುತ್ತ ದಿಗಂತದವರೆಗೂ ನೀರು. ನನಗೆ ನಮ್ಮ ಬ್ಯಾಡರಹಳ್ಳಿಯ ಬೀದಿ ನೆನಪಾಯಿತು. ಮಳೆ ಬಂದಾಗ ಮೊಣಕಾಲುದ್ದ ನೀರು ಹರಿಯುವ ಅದೇ ಬೀದಿಯಲ್ಲಿ ಖಾಲಿ ಕೊಡ ಹಿಡಿದು ಟ್ಯಾಂಕರಿಗೆ ಕಾದದ್ದು.

ನಾಲ್ಕು ಗಂಟೆಯ ಹೊತ್ತಿಗೆ ಘಟ್ಟದ ಮೇಲೆ ಮೋಡ ಕಟ್ಟತೊಡಗಿತು. ಹಿಂಗಾರಿನ ಶುರುವಿನಲ್ಲಿ ಹೀಗೇ. ಹಗಲೆಲ್ಲ ಕಾದ ನೆಲದ ಮೇಲೆ ಸಂಜೆಗೆ ಗುಡುಗು ಹುಟ್ಟಿ, ಮೂಡುಗಾಳಿಯ ಜೊತೆ ಕಡಲಿಗೆ ಇಳಿದು ಬರುತ್ತದೆ. ಮುರ್ಡೇಶ್ವರದ ಎತ್ತರದ ಗೋಪುರ ಕಡ್ಡಿಯಷ್ಟು ಕಾಣುತ್ತಿತ್ತು. ಬಲಕ್ಕೆ ನೇತ್ರಾಣಿ ದ್ವೀಪ. ಗೋಪುರ ಮೊದಲು ಮಾಯವಾಯಿತು, ಆಮೇಲೆ ಗುಡ್ಡ. ಬೂದುಬಣ್ಣದ ಪರದೆಯೊಂದು ನೀರನ್ನು ಒರೆಸಿಕೊಂಡು ನಮ್ಮತ್ತ ಬಂತು. ಭಾವ ಮುಂದಿನ ಹಾಯಿ ಇಳಿಸಿ, ದೊಡ್ಡ ಹಾಯಿಯನ್ನು ಅರ್ಧಕ್ಕೆ ಕುಗ್ಗಿಸಿ ಕಟ್ಟಿದರು. ಮಳೆಗೆ ಮುಂಚೆ ಗಾಳಿ ಬಂತು. ದೋಣಿ ಒಂದು ಮಗ್ಗುಲಿಗೆ ಮಲಗಿತು. ನಾನು ಎರಡೂ ಕೈಯಲ್ಲಿ ಕಂಬಿ ಹಿಡಿದು ಕುಳಿತೆ. ಹನಿಗಳು ಅಡ್ಡಡ್ಡ ಹೊಡೆಯುತ್ತಿದ್ದವು.

ಬಕೆಟ್ ಹಿಡಿಯಲು ಕೈ ಚಾಚಿದೆ. "ಈಗ ಬೇಡ ಅಕ್ಕೋರೆ, ಇದು ಹಾಯಿ ತೊಳೆಯೋ ಮಳೆ," ಎಂದರು ತಾಂಡೇಲರು. ಎರಡು ದಿನ ಉಪ್ಪುಗಾಳಿ ಕುಡಿದ ಬಟ್ಟೆ ಅದು. ಒಣಗಿದ ಉಪ್ಪು ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಮೊದಲ ಹತ್ತು ನಿಮಿಷದ ನೀರು ಅದನ್ನೆಲ್ಲ ತೊಳೆದು ಸಮುದ್ರಕ್ಕೇ ಕೊಟ್ಟಿತು. ದಾಹವಿದ್ದಾಗ ಹತ್ತು ನಿಮಿಷದ ನೀರನ್ನು ಕಣ್ಣೆದುರೇ ಬಿಟ್ಟುಕೊಡುವುದು ಸುಲಭವಲ್ಲ. ತಾಂಡೇಲರು ಮಾತ್ರ ಬೀಡಿಯನ್ನು ಅಂಗೈಯಲ್ಲಿ ಮರೆಮಾಡಿಕೊಂಡು ಕುಳಿತಿದ್ದರು. ನಡುನಡುವೆ ಹಾಯಿಯ ಅಂಚಿನಿಂದ ಬೀಳುವ ಹನಿಗೆ ಬೆರಳು ಒಡ್ಡಿ ನೆಕ್ಕಿ ನೋಡುತ್ತಿದ್ದರು. ಇನ್ನೂ ಇಲ್ಲ. ಇನ್ನೂ ಇಲ್ಲ.

ಗಾಳಿ ಇಳಿಯಿತು, ಮಳೆ ನೇರವಾಯಿತು. ಬೆರಳು ನೆಕ್ಕಿದವರು "ಹ್ಞಾಂ" ಎಂದರು.

ಆಮೇಲಿನ ಮುಕ್ಕಾಲು ಗಂಟೆ ನಾವು ಮೂವರೂ ಮಾತಾಡಲಿಲ್ಲ. ಹಾಯಿಯ ಕೆಳ ಅಂಚನ್ನು ಹಿಡಿದಿಡುವ ಅಡ್ಡಗೋಲಿಗೆ ಬೂಮು ಎನ್ನುತ್ತಾರೆ. ಅದರ ಹಿಂದಿನ ತುದಿಯನ್ನು ಹಗ್ಗದಿಂದ ಎತ್ತಿ ಕಟ್ಟಿದರೆ ಹಾಯಿಯ ಮೇಲೆ ಬಿದ್ದ ನೀರೆಲ್ಲ ಕೂವೆಮರದ ಬುಡಕ್ಕೆ ಹರಿಯುತ್ತದೆ. ಕುಗ್ಗಿಸಿ ಕಟ್ಟಿದ ಬಟ್ಟೆಯ ಮಡಿಕೆಯೇ ಅಲ್ಲಿ ದೋಣಿಗಾಲುವೆ. ತಾಂಡೇಲರು ಅಲ್ಲಿ ಬಕೆಟ್ ತೂಗುಹಾಕಿದರು. ತುಂಬಿದ ಬಕೆಟ್ ನನ್ನ ಕೈಗೆ, ಖಾಲಿಯದು ಅವರ ಕೈಗೆ. ಹಿಂಭಾಗದಲ್ಲಿ ಭಾವ ಟಾರ್ಪಾಲಿನ ನಾಲ್ಕು ಮೂಲೆ ಕಟ್ಟಿ, ನಡುವೆ ಜಗ್ಗಿಸಿ, ಅದರ ತೂತಿಗೆ ಕೊಳವೆ ಸಿಕ್ಕಿಸಿ ಇನ್ನೊಂದು ಖಾಲಿ ಕ್ಯಾನಿಗೆ ಬಿಟ್ಟಿದ್ದರು. ನಾನು ಬಕೆಟ್ಟಿನ ನೀರನ್ನು ಒಗೆದ ಪಂಚೆಯಲ್ಲಿ ಸೋಸಿ ಪಾತ್ರೆ, ಬಾಟಲಿ, ಕುಕ್ಕರು, ಹೀಗೆ ಬಾಯಿರುವುದಕ್ಕೆಲ್ಲ ತುಂಬಿದೆ. ಮೊದಲ ಎರಡು ಬಕೆಟ್ ಬೇರೆ ಇಡಿ, ರುಚಿ ನೋಡದೆ ಒಳ್ಳೆಯ ನೀರಿಗೆ ಬೆರೆಸಬೇಡಿ ಎಂದು ತಾಂಡೇಲರು ಹೇಳಿದ್ದರು. ಕೆಟ್ಟ ನೀರು ಸ್ವಲ್ಪ ಸೇರಿದರೂ ಒಳ್ಳೆಯದೆಲ್ಲ ಹೋಗುತ್ತದೆ ಎಂಬುದನ್ನು ಮಧ್ಯಾಹ್ನವೇ ಕಂಡಿದ್ದೆವು.

ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಈ ಲೆಕ್ಕವನ್ನು ನಾನೇ ಎಷ್ಟು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಆ ಸಂಜೆ ಅದು ನನ್ನ ತೋಳುಗಳಿಗೆ ಗೊತ್ತಾಯಿತು. ಮಳೆ ನಿಂತಾಗ ಒಟ್ಟು ಐವತ್ತು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ನಮ್ಮಲ್ಲಿತ್ತು.

ಮೊದಲ ಲೋಟ ತಾಂಡೇಲರಿಗೆ ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಒಂದು ಹನಿ ಸಮುದ್ರಕ್ಕೆ ಚೆಲ್ಲಿ ಕುಡಿದರು. ನನ್ನ ಲೋಟದ ನೀರಿಗೆ ಬಟ್ಟೆಯ ವಾಸನೆ ಇತ್ತು, ತಣ್ಣಗಿತ್ತು, ಬೇರೆ ಯಾವ ರುಚಿಯೂ ಇರಲಿಲ್ಲ. ರಾತ್ರಿ ಆ ನೀರಿನಲ್ಲಿ ತೊಗರಿಬೇಳೆ ಬೇಯಿಸಿದೆ, ಬೆಣ್ಣೆಯಂತೆ ಕರಗಿತು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಆರು ಸೀಟಿ ಕೂಗಿಸಿದರೂ ಕಾಳುಕಾಳಾಗಿ ಉಳಿಯುವ ಬೇಳೆ ಅದು. ಮಾಗಡಿ ಸೀಮೆಯ ಹಳ್ಳಿಯಲ್ಲಿ ನನ್ನ ತಾಯಿ ಮಳೆ ಬಂದ ಕೂಡಲೇ ಸೂರಿನ ಕೆಳಗೆ ಹಂಡೆ, ಕೊಳಗ, ಬಿಂದಿಗೆ ಸಾಲಾಗಿ ಇಡುತ್ತಿದ್ದಳು. ಅವಳೂ ಸೂರು ತೊಳೆದು ಕೆಂಪು ಹೋಗುವವರೆಗೆ ಕಾಯುತ್ತಿದ್ದಳು. "ಸೂರಿನ ನೀರಲ್ಲಿ ಬೇಳೆ ಬೇಗ ಬೇಯುತ್ತೆ, ತಲೆಗೂದಲು ನುಣ್ಣಗಾಗುತ್ತೆ" ಎನ್ನುತ್ತಿದ್ದಳು. ಬೆಂಗಳೂರಿಗೆ ಬಂದು ತಾರಸಿ ಮನೆ ಕಟ್ಟಿದ ಮೇಲೆ ಸೂರೂ ಹೋಯಿತು, ಹಂಡೆಯೂ ಹೋಯಿತು. ನಮ್ಮ ತಾರಸಿಯ ಕೊಳವೆಗಳನ್ನು ಬೀದಿಯ ಮೋರಿಗೆ ಬಿಟ್ಟಿದ್ದೆವು.

ಭಾವ ಆ ರಾತ್ರಿ ಸುಹೈಲಿಯ ಕಥೆ ಹೇಳಿದರು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ನಾವಿಕ ಮುಂಬೈಯಲ್ಲಿ, ನಮ್ಮ ಬಡಗಿಗಳ ಕೈಯಲ್ಲಿ, ಸಾಗುವಾನಿಯಲ್ಲಿ ಕಟ್ಟಿಸಿದ 32 ಅಡಿಯ ದೋಣಿ. 1968ರ ಜೂನ್‌ನಲ್ಲಿ ಇಂಗ್ಲೆಂಡಿನ ಫಾಲ್ಮತ್‌ನಿಂದ ಒಬ್ಬನೇ ಹೊರಟು, ಎಲ್ಲೂ ನಿಲ್ಲದೆ, 312 ದಿನಗಳಲ್ಲಿ ಭೂಮಿ ಸುತ್ತಿ ಅಲ್ಲಿಗೇ ಮರಳಿದ. ಹಾಗೆ ಮಾಡಿದ ಮೊದಲ ಮನುಷ್ಯ. ದಾರಿಯಲ್ಲಿ ಅವನ ಟ್ಯಾಂಕುಗಳ ನೀರು ಕೆಟ್ಟುಹೋಯಿತು. ಹಿಂದಿರುಗಬಹುದಿತ್ತು. ಮುಂದೆ ಹೋದ, ಹಾಯಿಯಲ್ಲಿ ಮಳೆ ಹಿಡಿಯುತ್ತ. ನಮ್ಮ ಸೇನೆಯ ಎಂಜಿನಿಯರುಗಳು 1985ರಲ್ಲಿ ಮುಂಬೈಯಿಂದ ಹೊರಟು 1987ರ ಜನವರಿಗೆ ಮರಳಿದ, ಭಾರತೀಯರು ಮೊದಲ ಬಾರಿಗೆ ಭೂಮಿ ಸುತ್ತಿದ ಹಾಯಿದೋಣಿಯ ಹೆಸರು ತೃಷ್ಣಾ. ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ಸಾಹಸದ ಹಂಬಲ ಇರಬೇಕು. ಕನ್ನಡದ ಕಿವಿಗೆ ಮೊದಲು ಕೇಳುವುದು ಬಾಯಾರಿಕೆ.

ಭಟ್ಕಳದಲ್ಲಿ ನಿಲ್ಲಲಿಲ್ಲ. ಮೂರನೆಯ ರಾತ್ರಿ ಗಾಳಿ ಬಿದ್ದು, ಸೇಂಟ್ ಮೇರಿಸ್ ದ್ವೀಪಗಳ ಕಂಬದಂಥ ಕಲ್ಲುಗಳನ್ನು ನಾಲ್ಕನೆಯ ಬೆಳಗ್ಗೆ ನೋಡಿದೆವು. ಮಲ್ಪೆಯ ಧಕ್ಕೆಯಲ್ಲಿ ಇಳಿದಾಗ ಮಳೆಯ ನೀರು ಇನ್ನೂ ಹದಿನೆಂಟು ಲೀಟರ್ ಉಳಿದಿತ್ತು. ಧಕ್ಕೆಯ ನಲ್ಲಿಯೊಂದು ಸುಮ್ಮನೆ ಸುರಿಯುತ್ತಿತ್ತು. ತಾಂಡೇಲರು ಹೋಗಿ ಅದನ್ನು ತಿರುಗಿಸಿ ನಿಲ್ಲಿಸಿ ಬಂದರು.

ಉಡುಪಿಯಿಂದ ರಾತ್ರಿ ಬಸ್ಸು. ಘಟ್ಟ ಹತ್ತುವಾಗ ಎಚ್ಚರವಾಗೇ ಇದ್ದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ದೊಡ್ಡ ಹೊಳೆ ಯಾವುದೂ ಊರಿನೊಳಗೆ ಇಲ್ಲ. ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಹಂತದಲ್ಲಿ ಕಾವೇರಿಯನ್ನು ಪಂಪು ಮಾಡಿ ಎತ್ತುತ್ತೇವೆ. ನಮ್ಮ ಬ್ಯಾಡರಹಳ್ಳಿಯ ತಾರಸಿಗಳ ಮೇಲೆ ಬಿದ್ದ ಮಳೆ ಮೋರಿ ಹಿಡಿದು ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಆ ಸಂಗಮ ಇರುವುದು ನಮಗೆ ನೀರೆತ್ತುವ ಜಾಗಕ್ಕಿಂತ ಕೆಳಗೆ. ಒಮ್ಮೆ ನಮ್ಮ ಮನೆಯ ಮೇಲಿಂದ ಇಳಿದ ಹನಿ ಆ ದಾರಿಯಲ್ಲಿ ನಮ್ಮ ನಲ್ಲಿಗೆ ಮರಳುವುದೇ ಇಲ್ಲ. ಈ ಊರೂ ಹೊಳೆಯಿಲ್ಲದ ಎತ್ತರದಲ್ಲಿ ಲಂಗರು ಹಾಕಿದ ದೋಣಿಯೇ. ತಾರಸಿಗಳೇ ನಮ್ಮ ಹಾಯಿ.

ಮಾಗಡಿ ರಸ್ತೆಯಲ್ಲಿ ಊರಾಚೆ ಹೋದರೆ 1933ರ ತಿಪ್ಪಗೊಂಡನಹಳ್ಳಿ ಜಲಾಶಯ. ಒಂದು ಕಾಲಕ್ಕೆ ಬೆಂಗಳೂರನ್ನು ಸಾಕಿದ್ದು. ಅರ್ಕಾವತಿಯ ದಾರಿ ಬತ್ತಿ, ಮಲಿನವಾಗಿ, 2012ರ ಸುಮಾರಿಗೆ ಅಲ್ಲಿಂದ ನಗರಕ್ಕೆ ನೀರು ನಿಂತಿತು. ತಾರಸಿಯನ್ನೇ ಹಾಯಿ ಮಾಡಿಕೊಂಡವರೂ ನಮ್ಮ ಸುತ್ತಲೇ ಇದ್ದಾರೆ. ಅದೇ ರಸ್ತೆಯಲ್ಲಿ ಪೇಟೆಯ ಕಡೆಗೆ ಹೋದರೆ ವಿಜಯನಗರ. ಅಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು 1995ರಲ್ಲಿ ಕಟ್ಟಿದ 'ಸೌರಭ' ಎಂಬ ಮನೆ ಇದೆ. ಜಲಮಂಡಳಿಯ ಸಂಪರ್ಕವೇ ಇಲ್ಲದೆ, ಮಳೆಯ ನೀರಿನಲ್ಲೇ ನಡೆದ ಸಂಸಾರ ಅದು. ಅವರು ಮಾಡಿದ್ದು ದೋಣಿಯ ಲೆಕ್ಕವೇ. ಹಿಂದಿನ ನೂರು ವರ್ಷದ ಮಳೆಯ ದಾಖಲೆ ತೆಗೆದು, ಒಂದು ಒಳ್ಳೆಯ ಮಳೆಯಿಂದ ಇನ್ನೊಂದಕ್ಕೆ ಅತಿ ಹೆಚ್ಚೆಂದರೆ ಎಷ್ಟು ದಿನ ಎಂದು ನೋಡಿದರು. ಸುಮಾರು ನೂರು ದಿನ ಬಂತು. ಅಷ್ಟು ದಿನ ಮನೆಗೆ ಸಾಲುವಷ್ಟು ತೊಟ್ಟಿ ಕಟ್ಟಿದರು, ನಲವತ್ತು ಸಾವಿರ ಲೀಟರಿನ ಆಸುಪಾಸಿನ ಮಾತು. ಮಳೆನೀರು ಸಂಗ್ರಹ ಬೆಂಗಳೂರಿನಲ್ಲಿ 2009ರಿಂದ ಕಾನೂನು. ಆದರೆ ಎಷ್ಟೋ ಮನೆಗಳಲ್ಲಿ ಅದು ಪರಿಶೀಲನೆಗೆ ಬಂದವರಿಗೆ ತೋರಿಸುವ ಒಂದು ಕೊಳವೆ, ಅಷ್ಟೆ. ಕೊಳವೆ ಹಾಕಿಸಿದ್ದು ದಂಡದ ಭಯ. ದಾಹ ಹಾಕಿಸಿದ ಕೊಳವೆಯ ತುದಿಯಲ್ಲಿ ತೊಟ್ಟಿ ಇರುತ್ತದೆ.

ಮನೆಗೆ ಬಂದ ಮರುದಿನ ತಾರಸಿಯನ್ನು ಅಳತೆ ಪಟ್ಟಿಯಲ್ಲಿ ಅಳೆದೆ. 90 ಚದರ ಮೀಟರ್. ಬೆಂಗಳೂರಿನ ವರ್ಷದ ಸರಾಸರಿ ಮಳೆ 970 ಮಿಲಿಮೀಟರ್ ಎಂದರೆ 87,300 ಲೀಟರ್. ಚೆಲ್ಲಿದ್ದು, ಆವಿಯಾದದ್ದು, ತೊಳೆಯಲು ಬಿಟ್ಟದ್ದು ಕಳೆದರೂ 70,000ಕ್ಕೆ ಮೋಸವಿಲ್ಲ. 6,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಹನ್ನೊಂದು, ಹನ್ನೆರಡು ಟ್ಯಾಂಕರು. ಅಷ್ಟನ್ನೂ ನಾವು ವರ್ಷವರ್ಷ ಮೋರಿಗೆ ಬಿಡುತ್ತಿದ್ದೆವು.

ಪ್ಲಂಬರ್ ಎರಡು ದಿನದಲ್ಲಿ ಕೆಲಸ ಮುಗಿಸಿದ. ಮೋರಿಗೆ ಹೋಗುತ್ತಿದ್ದ ಕೊಳವೆ ಕತ್ತರಿಸಿ ಒಂದು ವಾಲ್ವು, ಆಮೇಲೆ ಜಲ್ಲಿ, ಇದ್ದಿಲು, ಮರಳು ತುಂಬಿದ ನೀಲಿ ಡ್ರಮ್ಮು, ಅಲ್ಲಿಂದ ಸಂಪು. ವಾಲ್ವು ಯಾಕೆ ಎಂದು ಕೇಳಿದ. ಮೊದಲ ಹತ್ತು ನಿಮಿಷದ ನೀರು ತಾರಸಿ ತೊಳೆಯೋಕೆ, ಅದನ್ನು ಮೋರಿಗೇ ಬಿಡಬೇಕು ಎಂದೆ. ಭಾನುವಾರ ಮನೆಯವರೆಲ್ಲ ಸೇರಿ ತಾರಸಿ ಗುಡಿಸಿದೆವು. ಒಣಗಿದ ಎಲೆ, ಪಾರಿವಾಳದ ಪುಕ್ಕ, ಯಾವುದೋ ವರ್ಷದ ಗಾಳಿಪಟದ ಕಡ್ಡಿ.

ಅಕ್ಟೋಬರ್ ನಡುಭಾಗದಲ್ಲಿ ಬೆಂಗಳೂರಿಗೆ ದೊಡ್ಡ ಮಳೆ ಬಂತು. ಬಿಟ್ಟೂ ಬಿಡದೆ ಸುರಿಯಿತು, ಕೆಲವು ಬಡಾವಣೆಗಳಿಗೆ ದೋಣಿ ತರಬೇಕಾಯಿತು. ಅದೇ ವಾರ, 16ನೇ ತಾರೀಕು, ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತದ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಆ ನೀರು ಬೇಕು, ಬಂದವರ ಮನೆಗೆ ಬೆಳಕು ಬಂದ ಹಾಗೆ. ನಾನು ಮಾತ್ರ ಆ ಮಳೆಯ ಮೊದಲ ಹತ್ತು ನಿಮಿಷ ಕೊಡೆ ಹಿಡಿದು ವಾಲ್ವಿನ ಪಕ್ಕದಲ್ಲಿ ನಿಂತಿದ್ದೆ. ಮೋರಿಗೆ ಬೀಳುತ್ತಿದ್ದ ನೀರು ಮೊದಲು ಕಪ್ಪಾಗಿತ್ತು, ಆಮೇಲೆ ಚಹಾದ ಬಣ್ಣ, ಆಮೇಲೆ ಬಣ್ಣವಿಲ್ಲ. ಬೆರಳು ಒಡ್ಡಿ ನೋಡಿ ವಾಲ್ವು ತಿರುಗಿಸಿದೆ. ಎರಡನೆಯ ದಿನ ಬೆಳಗ್ಗೆ ಸಂಪು ತುಂಬಿತ್ತು. ಅದನ್ನು ಅಡುಗೆಗೆ ಕುದಿಸಿ, ಉಳಿದದ್ದಕ್ಕೆ ಹಾಗೆಯೇ ಬಳಸಿದೆವು. ಮುಂದಿನ ಹತ್ತೊಂಬತ್ತು ದಿನ ನಾಲ್ಕು ಜನರ ನಮ್ಮ ಮನೆ ಟ್ಯಾಂಕರ್ ಕರೆಸಲಿಲ್ಲ.

ನಾವಿಕರು ಹೇಳುವ ಹಾಗೆ ಹಾಯಿ ಸಿದ್ಧವಿರಬೇಕಾದದ್ದು ಮೋಡ ಕಾಣುವ ಮೊದಲು. ನಿಮ್ಮ ಮನೆಯ ತಾರಸಿಯನ್ನು ಈ ಭಾನುವಾರ ಅಳೆಯಿರಿ. ಉದ್ದವನ್ನು ಅಗಲದಿಂದ ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 970ರಿಂದ ಗುಣಿಸಿ, ಆ ಅಂಕಿಯನ್ನು ಸಂಪಿನ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಿಡಿ.